‘ಪೂಲ್ ಒಳಗೆ ಇದೀರಿ ಮೇಡಂ’ ಅಂದರೆ ನಂಬಬೇಡಿ: ಕೆನಡಾ ಪಿಆರ್‌ಗೆ ನಾನು ತೆತ್ತ ದಂಡ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಕೊನೆಗೂ ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕಿತು. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನಲು ಬಂದವಳಲ್ಲ ನಾನು. ಆದರೆ 2019ರ ಆಗಸ್ಟ್‌ನಲ್ಲಿ ಶುರುವಾದದ್ದು ಮುಗಿದದ್ದು 2024ರ ನವೆಂಬರ್‌ನಲ್ಲಿ. ಅದರಲ್ಲಿ ಮೊದಲ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಜೊತೆಗೆ 3,34,000 ರೂಪಾಯಿ ಹೋಯಿತು. ದುಡ್ಡಾದರೂ ಹೋಗಲಿ, ನನ್ನ ಹೆಸರಿನಲ್ಲಿ ಬೇರೆಯವರು ಬರೆದಿಟ್ಟಿದ್ದ ಒಂದು ಸುಳ್ಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ ಐದು ವರ್ಷ ಆ ದೇಶದ ಬಾಗಿಲೇ ನಮಗೆ ಮುಚ್ಚಿರುತ್ತಿತ್ತು.

ನಾನು ಶಿರಸಿ ಕಡೆಯವಳು. ಬಿಇ ಮುಗಿಸಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗಂಡನೂ ಐಟಿ. ಒಬ್ಬಳು ಮಗಳು. ಆಫೀಸಿನಲ್ಲಿ ಪಕ್ಕದ ಸೀಟಿನವನು ಟೊರಾಂಟೊಗೆ ಹೋದ ಮೇಲೆ ನಮಗೂ ಹುಳ ಹೊಕ್ಕಿತು. ಒಂದು ಶನಿವಾರ ಕನ್ಸಲ್ಟೆನ್ಸಿಯೊಂದರ ಮೆಟ್ಟಿಲು ಹತ್ತಿದೆವು. ಎಸಿ ರೂಮು, ಗೋಡೆ ತುಂಬ ಪಾಸ್‌ಪೋರ್ಟ್ ಹಿಡಿದು ನಗುತ್ತಿರುವವರ ಫೋಟೊ, ಚೌಕಟ್ಟು ಹಾಕಿದ ಒಂದು ಕೆನಡಾ ಸರ್ಟಿಫಿಕೇಟು. ಅಲ್ಲಿನ ಹುಡುಗಿ ಹತ್ತು ನಿಮಿಷ ಕಂಪ್ಯೂಟರ್ ಕುಟ್ಟಿ, "ಕಂಗ್ರಾಟ್ಸ್ ಮೇಡಂ! ಪಾಸ್ ಮಾರ್ಕು 67, ನಿಮಗೆ 74 ಬಂದಿದೆ" ಅಂದಳು. ಅವತ್ತೇ ಮೊದಲ ಕಂತು ಕಟ್ಟಿದೆವು. ಒಟ್ಟು ಒಂದು ಲಕ್ಷ, ಅದರ ಮೇಲೆ ಜಿಎಸ್‌ಟಿ ಹದಿನೆಂಟು ಸಾವಿರ.

ಆ 67ರ ಆಟ ಇವತ್ತಿಗೂ ನಡೆಯುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. 67 ಅನ್ನುವುದು 100ಕ್ಕೆ ಹಾಕುವ ಲೆಕ್ಕ. ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನುವ ನುರಿತ ಕೆಲಸಗಾರರ ವರ್ಗಕ್ಕೆ ನೀವು ಅರ್ಹರೋ ಅಲ್ಲವೋ ಎಂದಷ್ಟೇ ಅದು ನೋಡುತ್ತದೆ. ಅಲ್ಲಿ ಪಾಸಾದರೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆನ್‌ಲೈನ್ ವ್ಯವಸ್ಥೆಯ ಪೂಲ್‌ಗೆ, ಅಂದರೆ ಕರೆಗೆ ಕಾಯುವವರ ಪಟ್ಟಿಗೆ ಇಳಿಯಬಹುದು. ಅಲ್ಲಿಂದ ಪಿಆರ್ ಅರ್ಜಿ ಹಾಕಲು ಕರೆ ಬರುವುದು ಸಿಆರ್‌ಎಸ್ ಅನ್ನುವ ಬೇರೆಯೇ ಅಂಕದ ಮೇಲೆ, ಅದು 1,200ಕ್ಕೆ. ಆಗಾಗ ಒಂದು ಡ್ರಾ ನಡೆಸಿ, ಕಟ್-ಆಫ್ ಮುಟ್ಟಿದವರನ್ನು ಕರೆಯುತ್ತಾರೆ. ನಾವು ಪೂಲ್‌ಗೆ ಇಳಿದಾಗ ಕಟ್-ಆಫ್ 470ರ ಆಸುಪಾಸು ಇತ್ತು. ನನ್ನದು 369. ಈ 369 ಅನ್ನುವ ಸಂಖ್ಯೆಯನ್ನು ಮೂರು ವರ್ಷದಲ್ಲಿ ಒಂದು ದಿನವೂ ಅವರು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿದ್ದರೆ ತಾನೆ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಪೂಲ್ ಒಳಗೆ ಇದೀರಿ ಮೇಡಂ, ನೆಕ್ಸ್ಟ್ ಡ್ರಾ ನೋಡೋಣ." ಬಾವಿಯ ಒಳಗೂ ಇರಬಹುದಲ್ಲ ಹಾಗೆ.

ಇದಕ್ಕಿಂತ ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ನನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಲಿಸನಿಂಗ್ 8, ರೀಡಿಂಗ್ 7, ಸ್ಪೀಕಿಂಗ್ 7, ರೈಟಿಂಗ್ ಮಾತ್ರ 6.5 ಬಂದಿತ್ತು. "ಸಾಕು ಮೇಡಂ, ಅರ್ಧ ಬ್ಯಾಂಡ್ ತಾನೆ" ಅಂದಿದ್ದರು. ಆ ಅರ್ಧ ಬ್ಯಾಂಡಿನ ಬೆಲೆ 44 ಅಂಕ! ರೈಟಿಂಗ್‌ನಲ್ಲೂ 7 ಬಂದು ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ (ಕೆನಡಾದವರ ಭಾಷಾ ಮಟ್ಟದ ಅಳತೆ) 9 ಮುಟ್ಟಿದರೆ ರೈಟಿಂಗ್‌ಗೆ 7 ಅಂಕ ಹೆಚ್ಚುವುದಷ್ಟೇ ಅಲ್ಲ, ಡಿಗ್ರಿ ಜೊತೆ ಭಾಷೆ ಸೇರಿಸಿ ಕೊಡುವ 13 ಅಂಕ 25 ಆಗುತ್ತದೆ, ಅನುಭವದ ಜೊತೆ ಸೇರಿಸಿ ಕೊಡುವ 25 ಅಂಕ 50 ಆಗುತ್ತದೆ. ಲಕ್ಷ ರೂಪಾಯಿ ತೆಗೆದುಕೊಂಡವರು ಇದೊಂದು ಮಾತು ಹೇಳಿದ್ದರೆ ಮರುತಿಂಗಳೇ ಇನ್ನೊಮ್ಮೆ ಪರೀಕ್ಷೆಗೆ ಕೂರುತ್ತಿದ್ದೆ.

ಅಷ್ಟರಲ್ಲಿ ಕೊರೊನಾ ಬಂತು. 2021ರ ಫೆಬ್ರವರಿಯಲ್ಲಿ ಅವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪಟಾಕಿ ಚಿತ್ರಗಳ ಸಮೇತ ಮೆಸೇಜು ಬಂತು: ಕಟ್-ಆಫ್ ಬರೀ 75, ಒಂದೇ ದಿನ 27,332 ಜನಕ್ಕೆ ಆಹ್ವಾನ. ನಾವು ಆ ರಾತ್ರಿ ಮಲಗಲೇ ಇಲ್ಲ. ಸುದ್ದಿ ನಿಜವೇ. ಆದರೆ ಅದು ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇದ್ದವರಿಗೆ ಮಾತ್ರ. ನಮ್ಮ ವರ್ಗಕ್ಕೆ 2020ರ ಡಿಸೆಂಬರ್ ಕೊನೆಯಿಂದ 2022ರ ಜುಲೈ 6ರವರೆಗೆ ಒಂದೇ ಒಂದು ಡ್ರಾ ಇರಲಿಲ್ಲ. ಆ ಒಂದೂವರೆ ವರ್ಷವೂ ನನಗೆ ಸಿಕ್ಕಿದ್ದು ‘ನೆಕ್ಸ್ಟ್ ಡ್ರಾ’ ಮಂತ್ರವೇ. ವಯಸ್ಸಿನ ಅಂಕ ಮಾತ್ರ ಯಾರಿಗೂ ಕಾಯುವುದಿಲ್ಲ. ಗಂಡ ಅಥವಾ ಹೆಂಡತಿಯ ಜೊತೆ ಅರ್ಜಿ ಹಾಕುವವರಿಗೆ ಮೂವತ್ತು ತುಂಬಿದಂದಿನಿಂದ ವರ್ಷಕ್ಕೆ 5 ಅಂಕ ಇಳಿಯುತ್ತದೆ. ಜುಲೈನಲ್ಲಿ ನನ್ನ ಹುಟ್ಟುಹಬ್ಬ. ಮಗಳು ಕೇಕ್ ಕತ್ತರಿಸು ಅಂತ ಕೈ ಎಳೆಯುವಾಗ ಐದು ಅಂಕ ಹೋಯಿತಲ್ಲ ಅಂತ ಲೆಕ್ಕ ಹಾಕುತ್ತಾ ನಿಂತಿರುತ್ತಿದ್ದೆ.

ಪೂಲ್‌ನಲ್ಲಿ ಒಂದು ಪ್ರೊಫೈಲ್‌ನ ಆಯಸ್ಸು ಹನ್ನೆರಡು ತಿಂಗಳು. ಡಿಸೆಂಬರ್ ಬಂದ ಕೂಡಲೇ ‘ರಿನ್ಯೂವಲ್ ಫೀ’ ಅಂತ 8,000. ಎರಡು ಸಲ ಕೊಟ್ಟೆ. ಪ್ರೊಫೈಲ್ ಮಾಡಲು ಕೆನಡಾ ಸರ್ಕಾರ ನಯಾಪೈಸೆ ತೆಗೆದುಕೊಳ್ಳುವುದಿಲ್ಲ, ಅದು ಪೂರ್ತಿ ಉಚಿತ. ಇನ್ನೂ ಸೋಜಿಗ ಏನೆಂದರೆ, ಐಇಎಲ್‌ಟಿಎಸ್ ಫಲಿತಾಂಶ ಎರಡೇ ವರ್ಷ ನಡೆಯುತ್ತದೆ. ನನ್ನದು 2021ರ ಸೆಪ್ಟೆಂಬರ್‌ಗೇ ಮುಗಿದಿತ್ತು. ಹಾಗಾದರೆ 2021ರ ಡಿಸೆಂಬರ್‌ನಲ್ಲಿ ದುಡ್ಡು ಇಸಿದುಕೊಂಡು ಅವರು ರಿನ್ಯೂ ಮಾಡಿದ್ದು ಏನನ್ನು?

2022ರ ಮೇನಲ್ಲಿ ಹೊಸ ರಾಗ. "ಮೇಡಂ, ಜಾಬ್ ಆಫರ್ ತರಿಸಿಬಿಡೋಣ, 50 ಪಾಯಿಂಟ್ ಬರುತ್ತೆ." ಆರು ಲಕ್ಷ, ಮುಂಗಡ ಎರಡು ಲಕ್ಷ, ಅದೂ ನಗದು. ಓದಿದವಳು, ಟೆಸ್ಟಿಂಗ್ ಮಾಡುವವಳು, ದಿನಾ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು, ರಸೀದಿ ಕೂಡ ಕೇಳದೆ ಕೊಟ್ಟುಬಂದೆ. ಮೂರು ವರ್ಷ ಕಾದವರಿಗೆ ಇನ್ನೊಂದು ಮೆಟ್ಟಿಲು ಕಂಡರೆ ಸಾಕು, ಅದು ಯಾವ ಕಡೆಗೆ ಹೋಗುತ್ತದೆ ಅಂತ ನೋಡುವ ತಾಳ್ಮೆ ಇರುವುದಿಲ್ಲ. ಮೂರು ವಾರಕ್ಕೆ ಪತ್ರ ಬಂತು, ಟೊರಾಂಟೊ ಪಕ್ಕದ ಬ್ರಾಂಪ್ಟನ್ ವಿಳಾಸದ ಲೆಟರ್‌ಹೆಡ್ಡು, ‘ಕ್ವಾಲಿಟಿ ಅನಲಿಸ್ಟ್’ ಹುದ್ದೆ. ನಮ್ಮೂರ ಕಡೆಯ ಹುಡುಗನೊಬ್ಬ ಅಲ್ಲೇ ಇದ್ದಾನೆ. ಒಮ್ಮೆ ನೋಡಿಬಾ ಮಾರಾಯ ಅಂದೆ. ಹೋಗಿ ವಿಡಿಯೊ ಕಾಲ್ ಮಾಡಿದ. "ಅಕ್ಕಾ, ಇಲ್ಲಿರೋದು ಟೈರ್ ಅಂಗಡಿ." ಫೋನ್ ತಿರುಗಿಸಿ ತೋರಿಸಿದ. ಟೈರುಗಳ ರಾಶಿ, ಜ್ಯಾಕ್ ಮೇಲೆ ಎತ್ತಿಟ್ಟ ಒಂದು ಕಾರು, ಇವನ್ಯಾರು ಅಂತ ನೋಡುತ್ತಾ ನಿಂತ ಕೆಲಸದವನು.

ಆಮೇಲೆ ತಿಳಿದದ್ದು: ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಬೇಕಾಗುವ ಎಲ್‌ಎಂಐಎ ಎಂಬ ಅನುಮತಿಯ 1,000 ಕೆನಡಾ ಡಾಲರ್ ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ. ಅಂದರೆ ಆಫರ್ ಮಾರುವ ಮಾತೇ ಮೋಸ. ಅದಿರಲಿ, ಅಷ್ಟರಲ್ಲಿ ವಯಸ್ಸಿನ 10 ಅಂಕ ಇಳಿದು ನನ್ನದು 359 ಆಗಿತ್ತು, ಆ 50 ಅಂಕ ಬಂದಿದ್ದರೂ 409 ಆಗುತ್ತಿತ್ತು ಅಷ್ಟೆ. ಜುಲೈ 6ರ ಡ್ರಾದ ಕಟ್-ಆಫ್ 557. ಈಗಂತೂ 2025ರ ಮಾರ್ಚ್ 25ರಿಂದ ಜಾಬ್ ಆಫರ್‌ಗೆ ಸಿಗುತ್ತಿದ್ದ ಅಂಕವನ್ನೇ ತೆಗೆದುಹಾಕಿದ್ದಾರೆ. ಇವತ್ತೂ ಯಾರಾದರೂ ‘ಆಫರ್ ತರಿಸಿ ಪಾಯಿಂಟ್ ಹಾಕಿಸ್ತೀವಿ’ ಅಂದರೆ ಎದ್ದು ಬನ್ನಿ.

ಊರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಪ್ಪಯ್ಯನಿಗೆ ಎಕ್ಸ್‌ಪ್ರೆಸ್ ಎಂಟ್ರಿ, ಸಿಆರ್‌ಎಸ್ ಒಂದೂ ತಿಳಿಯದು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ತಂಗೀ, ನಿನ್ನ ಪೆಟ್ಟಿಗೆ ಕೀಲಿಕೈ ಅವ್ರ ಹತ್ರ ಎಂತಕ್ಕೆ ಇದ್ದು?"

ಹೌದಲ್ಲ. ಲಾಗಿನ್, ಪಾಸ್‌ವರ್ಡ್, ಇಮೇಲ್ ಎಲ್ಲ ಅವರದ್ದೇ. ಮರುದಿನ ಇಬ್ಬರೂ ರಜೆ ಹಾಕಿ ಹೋಗಿ ಅವರ ಆಫೀಸಿನಲ್ಲಿ ಕೂತೆವು, ಕೊಡುವವರೆಗೂ ಏಳಲಿಲ್ಲ. ಮನೆಗೆ ಬಂದು ಖಾತೆ ತೆರೆದರೆ ಸೆಕ್ಯುರಿಟಿ ಪ್ರಶ್ನೆಯ ಉತ್ತರ ನಾನು ಜನ್ಮದಲ್ಲಿ ಸಾಕದ ನಾಯಿಯ ಹೆಸರು. ಪ್ರೊಫೈಲ್ 2021ರ ಡಿಸೆಂಬರ್‌ಗೇ ಸತ್ತುಹೋಗಿತ್ತು. ಕೆಲಸದ ವಿವರದ ಪುಟಕ್ಕೆ ಹೋದೆ. 2011ರಿಂದ 2015, ಸರಿ. 2018ರಿಂದ ಈಚೆಗೆ, ಸರಿ. ನಡುವೆ 2015ರಿಂದ 2018ರವರೆಗೆ ನಾನು ಯಾವತ್ತೂ ಹೆಸರೇ ಕೇಳದ ಒಂದು ಕಂಪನಿಯಲ್ಲಿ ‘ಸೀನಿಯರ್ ಟೆಸ್ಟರ್’ ಆಗಿದ್ದೆನಂತೆ.

ಆ ಮೂರು ವರ್ಷ ನಾನು ಮನೆಯಲ್ಲಿದ್ದೆ. ಬಸುರಿ, ಬಾಣಂತನ, ಮಗಳ ಜ್ವರ, ರಾಗಿ ಸರಿ, ಅಂಬೆಗಾಲು. ಫೋನ್ ಮಾಡಿ ಯಾಕೆ ಹೀಗೆ ಅಂದರೆ, "ಗ್ಯಾಪ್ ಇದ್ರೆ ಕೆನಡಾದವರು ಇಷ್ಟಪಡಲ್ಲ ಮೇಡಂ" ಎಂದರು ಕನ್ಸಲ್ಟೆನ್ಸಿಯ ಮ್ಯಾನೇಜರು, ಉಪ್ಪಿನಕಾಯಿಗೆ ಉಪ್ಪು ಹೆಚ್ಚು ಹಾಕಿದಷ್ಟೇ ಸಲೀಸಾಗಿ. ವಿದೇಶದ ಅನುಭವಕ್ಕೆ ಮೂರು ವರ್ಷ ದಾಟಿದ ಮೇಲೆ ಸಿಆರ್‌ಎಸ್‌ನಲ್ಲಿ ಅಂಕ ಏರುವುದೇ ಇಲ್ಲ, ನನಗೆ ನಿಜವಾದ ಅನುಭವವೇ ಅದಕ್ಕಿಂತ ಹೆಚ್ಚಿತ್ತು. ಆ ಸುಳ್ಳಿನಿಂದ ನಯಾಪೈಸೆ ಲಾಭವಿಲ್ಲ. ಸಿಕ್ಕಿಬಿದ್ದಿದ್ದರೆ ಅವರ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ನಿಷೇಧ. ನಿಷೇಧ ಬೀಳುವುದು ನನ್ನ ಮೇಲೆ. ಟೈಪ್ ಮಾಡಿದವನ ಹೆಸರು ಆ ಖಾತೆಯಲ್ಲಿ ಎಲ್ಲೂ ಇರಲಿಲ್ಲ, ನಾನೇ ತುಂಬಿದ ಹಾಗೆ ತುಂಬಿದ್ದರು.

ಹೆಸರು ಇಲ್ಲದ್ದಕ್ಕೂ ಕಾರಣ ಉಂಟು. ದುಡ್ಡು ತೆಗೆದುಕೊಂಡು ಕೆನಡಾ ವಲಸೆ ಅರ್ಜಿ ನೋಡಿಕೊಳ್ಳುವ ಹಕ್ಕು ಇರುವುದು ಅಲ್ಲಿನ ಸಲಹೆಗಾರರ ‘ಕಾಲೇಜಿ’ನಲ್ಲಿ (ಪಾಠದ ಕಾಲೇಜಲ್ಲ, ಅವರ ಮೇಲೆ ಕಣ್ಣಿಡುವ ಸಂಸ್ಥೆ) ನೋಂದಾಯಿಸಿದ ಆರ್‌ಸಿಐಸಿ ಎಂಬ ಸಲಹೆಗಾರರಿಗೆ, ಅಲ್ಲಿನ ವಕೀಲರ ಸಂಘಗಳ ಸದಸ್ಯರಿಗೆ, ಮತ್ತೆ ಕ್ವಿಬೆಕ್ ಪ್ರಾಂತ್ಯದ ನೋಟರಿಗಳಿಗೆ ಮಾತ್ರ. ಅವರು ಪ್ರತಿನಿಧಿ ಅಂತ ಅರ್ಜಿಯಲ್ಲಿ ತಮ್ಮ ಹೆಸರು ತೋರಿಸಲೇಬೇಕು. ಗೋಡೆಯ ಮೇಲಿದ್ದ ಆ ಸರ್ಟಿಫಿಕೇಟಿನ ನಂಬರನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿದೆ. ನಂಬರು ಅಸಲಿ. ಆದರೆ ಆ ಮನುಷ್ಯನ ಜೊತೆ ನಾನು ಮೂರು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ನಂಬರ್ ಹುಡುಕಲು ಎರಡು ನಿಮಿಷ ಸಾಕಾಯಿತು. 2019ರಲ್ಲೂ ಅಷ್ಟೇ ಸಾಕಾಗುತ್ತಿತ್ತು.

ಪೊಲೀಸ್ ಠಾಣೆಗೆ ಹೋದದ್ದನ್ನು ಬರೆಯುವುದಿಲ್ಲ, ಏನೂ ಆಗಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು ಅಷ್ಟೆ. ನೋಟಿಸು ಹೋದ ಮೇಲೆ ರಾಜಿಗೆ ಬಂದರು, 70,000 ವಾಪಸ್ ಬಂತು, ಅದೂ ಬ್ಯಾಂಕ್ ಮೂಲಕ ಕಟ್ಟಿದ್ದರಲ್ಲಿ. ನಗದು ಎರಡು ಲಕ್ಷ ಕೊಟ್ಟದ್ದಕ್ಕೆ ಸಾಕ್ಷಿ ಎಲ್ಲಿದೆ?

ಇಲ್ಲಿಗೇ ಬಿಡೋಣ ಅಂದ ಗಂಡ. ನನಗೆ ಹಟ ಬಂತು. ಐಇಎಲ್‌ಟಿಎಸ್ ಮತ್ತೆ ಬರೆದು ರೈಟಿಂಗ್‌ನಲ್ಲಿ 7 ತೆಗೆದೆ. ಆದರೂ ಅಂಕ ಸಾಲದು. ಉಳಿದ ದಾರಿ ಫ್ರೆಂಚ್. ಮೂವತ್ತನಾಲ್ಕರ ವಯಸ್ಸಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಮೇಜು ಹೆಣ್ಣು ಅಂತ ಬಾಯಿಪಾಠ ಮಾಡಿದ್ದೇನೆ. ಅವರಲ್ಲಿ ತೊಂಬತ್ತು ಅಂದರೆ ‘ನಾಲ್ಕು ಇಪ್ಪತ್ತು ಹತ್ತು’, ಫೋನ್ ನಂಬರ್ ಬರೆದುಕೊಳ್ಳುವ ಲಿಸನಿಂಗ್ ಪಾಠದಲ್ಲಿ ಪ್ರತಿ ಸಲವೂ ಮುಗ್ಗರಿಸುತ್ತಿದ್ದೆ. ಮಗಳು ನನಗಿಂತ ಮೊದಲು ಕಲಿತಳು. ಮೊದಲ ಟೆಫ್ ಅನ್ನುವ ಫ್ರೆಂಚ್ ಪರೀಕ್ಷೆಯಲ್ಲಿ ಮಾತಿನ ವಿಭಾಗ ಕೈಕೊಟ್ಟಿತು. ಎರಡನೆಯದರಲ್ಲಿ ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ (ಫ್ರೆಂಚಿನ ಸಿಎಲ್‌ಬಿ) 7 ಬಂತು. ‘ಮೂರು ತಿಂಗಳಲ್ಲಿ ಫ್ರೆಂಚ್, ಗ್ಯಾರಂಟಿ ಪಿಆರ್’ ಅಂತ ಈಗ ಜಾಹೀರಾತು ನೋಡುತ್ತಿದ್ದೇನೆ. ಸೋಮಾರಿ ಅಲ್ಲದ ನನಗೆ ಹದಿನೈದು ತಿಂಗಳು ಹಿಡಿಯಿತು.

ಇಷ್ಟರಲ್ಲಿ ನನ್ನ ವಯಸ್ಸಿನ ಅಂಕ 90ರಿಂದ 70ಕ್ಕೆ ಬಂದಿತ್ತು. ಆದರೂ ಫ್ರೆಂಚಿಗೆ ಬಂದದ್ದೆಲ್ಲ ಸೇರಿ 455. ಫ್ರೆಂಚ್ ಬಲ್ಲವರಿಗೇ ಅಂತ 2023ರ ಜುಲೈಯಿಂದ ಪ್ರತ್ಯೇಕ ಡ್ರಾ ಶುರುವಾಗಿತ್ತು. 2024ರ ಫೆಬ್ರವರಿ 29ರ ಡ್ರಾದಲ್ಲಿ ಕಟ್-ಆಫ್ 336. ಆಹ್ವಾನ ಬಂತು. ಅರ್ಜಿ ಸಲ್ಲಿಸಲು 60 ದಿನ.

ಆ 60 ದಿನದ ಓಡಾಟ ಎಲ್ಲರಿಗೂ ಇದ್ದದ್ದೇ: ಮೆಡಿಕಲ್, ಪೊಲೀಸ್ ಕ್ಲಿಯರೆನ್ಸು, ದುಬೈಯಲ್ಲಿ ಎಂಟು ತಿಂಗಳು ಇದ್ದ ತಪ್ಪಿಗೆ ಗಂಡನಿಗೆ ಅಲ್ಲಿಂದಲೂ ಒಂದು ಕ್ಲಿಯರೆನ್ಸು, ಡ್ಯೂಟಿ ವಿವರ ಬರೆದುಕೊಡಲು ಹಿಂದೇಟು ಹಾಕುವ ಎಚ್‌ಆರ್. ಮೂವರ ಕುಟುಂಬಕ್ಕೆ ಆಗ 21,055 ಡಾಲರ್ ತೋರಿಸಬೇಕಿತ್ತು, ಸುಮಾರು 13 ಲಕ್ಷ. ಬರೀ ಇವತ್ತಿನ ಬ್ಯಾಲೆನ್ಸ್ ಅಲ್ಲ, ಆರು ತಿಂಗಳ ಸರಾಸರಿಯೂ ಬ್ಯಾಂಕಿನ ಪತ್ರದಲ್ಲಿ ಇರಬೇಕು. ಅಪ್ಪಯ್ಯ ಅಡಿಕೆ ಮಾರಿ ಹಾಕಿದ ದುಡ್ಡಿಗೆ ಗಿಫ್ಟ್ ಡೀಡ್ ಮಾಡಿಸಿ ಇಟ್ಟೆ. ಸರ್ಕಾರಿ ಶುಲ್ಕ ಮೂವರಿಗೂ ಬಯೊಮೆಟ್ರಿಕ್ ಸೇರಿ 3,130 ಡಾಲರ್. ಇದು, ಜೊತೆಗೆ ಪರೀಕ್ಷೆ, ಮೆಡಿಕಲ್‌ನಂಥವು ನಿಜವಾದ ಖರ್ಚು, ಕನ್ಸಲ್ಟೆನ್ಸಿಗೆ ಸುರಿದದ್ದೆಲ್ಲ ನಮ್ಮ ಭಯಕ್ಕೆ ಕಟ್ಟಿದ ಕಂದಾಯ.

2015ರಿಂದ 2018ರ ಸಾಲಿನಲ್ಲಿ ‘ಗೃಹಿಣಿ, ಮಗುವಿನ ಆರೈಕೆ’ ಅಂತ ಬರೆದೆ. ಹಳೆಯ ಪ್ರೊಫೈಲಿನಲ್ಲಿ ಇದ್ದದ್ದು ಏನು, ಅದು ಯಾಕೆ ತಪ್ಪು, ಯಾರು ತುಂಬಿದ್ದು ಎಂಬುದಕ್ಕೆ ಒಂದು ಪುಟದ ವಿವರಣೆ ಪತ್ರ ಲಗತ್ತಿಸಿದೆ. ಏಳು ತಿಂಗಳು ಎದೆಯಲ್ಲಿ ಅಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು. ಆ ಗ್ಯಾಪ್ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನವೆಂಬರ್‌ನಲ್ಲಿ ಪಾಸ್‌ಪೋರ್ಟ್ ಕಳಿಸಿ ಅಂತ ಮೇಲ್ ಬಂತು, ನನ್ನ ಸ್ವಂತ ಇಮೇಲಿಗೆ.

ಕಾನೂನು ಬಲ್ಲ, ನೋಂದಣಿ ಇರುವ ಸಲಹೆಗಾರರೇ ಬೇಡ ಅನ್ನುತ್ತಿಲ್ಲ. ಹಿಂದೆ ವೀಸಾ ತಿರಸ್ಕೃತ ಆದವರಿಗೆ, ಕೇಸ್ ಗೀಸ್ ಇದ್ದವರಿಗೆ ಅವರು ಬೇಕಾಗುತ್ತಾರೆ. ಆದರೆ ಈಗಾಗಲೇ ಯಾರದೋ ಕೈಗೆ ಫೈಲ್ ಕೊಟ್ಟು ಕೂತಿದ್ದರೆ ಈ ವಾರವೇ ಹೋಗಿ ನಿಮ್ಮ ಹೆಸರಲ್ಲಿ ತುಂಬಿದ ಪ್ರತಿ ಪುಟದ ಪಿಡಿಎಫ್ ಕೇಳಿ, ತಾರೀಖುಗಳನ್ನು ನಿಮ್ಮ ರಿಲೀವಿಂಗ್ ಲೆಟರ್ ಪಕ್ಕ ಇಟ್ಟು ನೋಡಿ. ಸರ್ವರ್ ಡೌನ್, ಸಾರ್ ಮೀಟಿಂಗಲ್ಲಿದಾರೆ, ನಾಳೆ ಬನ್ನಿ, ಇದನ್ನೆಲ್ಲ ಹೇಳುತ್ತಾರೆ. ನಮಗೂ ಹೇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಡಬ್ಬಿ ಬಿಚ್ಚಿ ಅಲ್ಲೇ ಅವರ ಸೋಫಾ ಮೇಲೆ ಚಿತ್ರಾನ್ನ ತಿಂದು ಕೂತಿದ್ದೆವು. ಸಂಜೆ ಏಳೂವರೆಗೆ ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟರು, ಅವರಿಗೆ ಶಟರ್ ಎಳೆಯಬೇಕಿತ್ತು.