ಒಂದೇ ದಿನ ಮೂರು ಪಾಠ: ಟೋಪೋಶೀಟ್, ಫೋನ್ ನಕ್ಷೆ, ಕೈನಕ್ಷೆ

ಭೂಗೋಳ, ಕಾನೂನು, ಅಪರಾಧಶಾಸ್ತ್ರ ಮೂರನ್ನೂ ಹೈಸ್ಕೂಲ್ ಮಕ್ಕಳಿಗೆ ಒಂದೇ ದಿನ ಹೇಳುವುದಿದ್ದರೆ ಮೂರಕ್ಕೂ ಆದಷ್ಟು ಒಂದೇ ನಕ್ಷೆ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಹುಬ್ಬಳ್ಳಿ-ಧಾರವಾಡದ ತರಗತಿಗಳಲ್ಲಿ ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ರಸ್ತೆ ಎಲ್ಲ ತೋರಿಸುವ ಸರ್ಕಾರಿ ನಕ್ಷೆ), ಫೋನ್ ನಕ್ಷೆ, ಕೈಯಿಂದ ಬರೆದ ನಕ್ಷೆ ಮೂರನ್ನೂ ಬಳಸಿ ನೋಡಿದ್ದಾಗಿದೆ. ನಮ್ಮ ಓಟು ಸರ್ವೇ ಆಫ್ ಇಂಡಿಯಾದ 1:50,000 ಟೋಪೋಶೀಟಿಗೆ. ಕಲರ್ ಪ್ರಿಂಟ್ ಆದರೆ ಮಾತ್ರ.

ಕಾರಣ ಭೂಗೋಳದ ಪಾಠದಲ್ಲೇ ಸಿಗುತ್ತದೆ. ಶಾಲ್ಮಲೆಯ ನೀರು ಬೇಡ್ತಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣೆಹಳ್ಳದ ನೀರು ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಇವೆರಡರ ನಡುವಿನ ಜಲವಿಭಾಜಕ, ಅಂದರೆ ನೀರನ್ನು ಎರಡು ಕಡೆಗೆ ಒಡೆಯುವ ದಿಬ್ಬದ ಗೆರೆ, ಅವಳಿ ನಗರದ ಆಸುಪಾಸಿನಲ್ಲೇ ಇದೆ. ಫೋನಿನ ಸಾಮಾನ್ಯ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಟೋಪೋಶೀಟಿನಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳಿವೆ, ಒಂದರಿಂದ ಇನ್ನೊಂದಕ್ಕೆ ಎತ್ತರದಲ್ಲಿ 20 ಮೀಟರ್ ಅಂತರ. ಹಳ್ಳ ದಾಟುವಾಗ ಈ ರೇಖೆ ‘ವಿ’ ಆಕಾರಕ್ಕೆ ಬಾಗುತ್ತದೆ, ಅದರ ಮೂತಿ ನೀರು ಬರುವ ಕಡೆಗೆ. ಮಕ್ಕಳು ಮೊದಲು ಎಲ್ಲ ‘ವಿ’ಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಲಿ, ಆಮೇಲೆ ಯಾವ ಹಳ್ಳವನ್ನೂ ದಾಟದಂತೆ ಎತ್ತರದಲ್ಲೇ ಒಂದು ಗೆರೆ ಎಳೆಯಲಿ. ಅದೇ ಜಲವಿಭಾಜಕ.

ತಲೆಬಿಸಿ ಶುರುವಾಗುವುದು ಝೆರಾಕ್ಸ್ ಅಂಗಡಿಯಲ್ಲಿ. ಪಿಡಿಎಫ್ ಕೊಟ್ಟರೆ ಅಂಗಡಿಯವರು ‘ಫಿಟ್ ಟು ಪೇಜ್’ ಒತ್ತಿ ಎ3 ಹಾಳೆಯಲ್ಲಿ ಚಂದಾಗಿ ತೆಗೆದುಕೊಡುತ್ತಾರೆ. ನಕ್ಷೆಯ ಚೌಕಟ್ಟು ನಿಜಕ್ಕೂ ಸುಮಾರು 55 ಸೆಂ.ಮೀ. ಎತ್ತರ, 54 ಸೆಂ.ಮೀ. ಅಗಲ, ಎ3 ಹಾಳೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಆದರೆ ಅಂಚಿನಲ್ಲಿ ಅಚ್ಚಾದ ‘1:50,000’ ಹಾಗೇ ಇರುತ್ತದೆ! ಮಗು ಅದನ್ನು ನಂಬಿ, 2 ಸೆಂ.ಮೀ.ಗೆ 1 ಕಿ.ಮೀ. ಎಂದು ಅಳೆದು, ನಿಜವಾದ ದೂರದ ಅರ್ಧ ಹೇಳುತ್ತದೆ. ಲೆಕ್ಕದಲ್ಲಿ ತಪ್ಪಿರುವುದಿಲ್ಲ, ಹಾಗಾಗಿ ಎಲ್ಲಿ ಕೆಟ್ಟಿತೆಂದು ಮಾಸ್ತರರಿಗೂ ತಿಳಿಯುವುದಿಲ್ಲ.

ಅದಕ್ಕೇ ದುಡ್ಡು ಕೊಡುವ ಮೊದಲು ಸ್ಕೇಲ್ ಪಟ್ಟಿ ಹಿಡಿದು ಅಲ್ಲೇ ಅಳೆಯಿರಿ. ನಕ್ಷೆಯ ಕೆಳಗೆ ಕಿ.ಮೀ. ಗುರುತು ಹಾಕಿದ ಪಟ್ಟಿಯಲ್ಲಿ, ಅಂದರೆ ರೇಖಾ ಮಾಪಕದಲ್ಲಿ, 1 ಕಿ.ಮೀ. ಸರಿಯಾಗಿ 2 ಸೆಂ.ಮೀ. ಬರಬೇಕು. ಕಟ್ಟಡದ ಪ್ಲಾನ್ ತೆಗೆಯುವ ಪ್ಲಾಟರ್ ಇರುವ ಅಂಗಡಿಗೆ ಹೋಗಿ ಎ1 ಹಾಳೆಯಲ್ಲಿ ‘ಆಕ್ಚುವಲ್ ಸೈಜ್’ ಎಂದು ಹೇಳಿ ತೆಗೆಸಬೇಕು. ಚಿಕ್ಕ ಪ್ರಿಂಟೇ ಗತಿಯಾದರೆ 1:50,000ದ ಮೇಲೆ ಪಟ್ಟಿ ಅಂಟಿಸಿ, ರೇಖಾ ಮಾಪಕದಿಂದಲೇ ಅಳೆಸಿ. ಅದು ನಕ್ಷೆಯ ಜೊತೆಗೇ ಕುಗ್ಗಿರುತ್ತದೆ. ಕಪ್ಪು-ಬಿಳುಪು ಪ್ರಿಂಟ್ ಬೇಡವೇ ಬೇಡ. ಕಂದು ಸಮೋನ್ನತ ರೇಖೆ, ಒಣಹಳ್ಳದ ಕಪ್ಪು ಗೆರೆ, ಕೆಂಪು ರಸ್ತೆ ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿ ಗೋಜಲಾಗುತ್ತದೆ.

ಧಾರವಾಡದವರಿಗೆ ಇನ್ನೊಂದು ಕಿರಿಕಿರಿ. ಹುಬ್ಬಳ್ಳಿ ಹಳೇ ಸಂಖ್ಯೆಯ 48 ಎಂ/3 ಹಾಳೆಯಲ್ಲಿ ಇಡಿಯಾಗಿ ಸಿಗುತ್ತದೆ. ಆದರೆ 75 ಡಿಗ್ರಿ ಪೂರ್ವ ರೇಖಾಂಶ ಧಾರವಾಡವನ್ನೇ ಹಾದುಹೋಗುವುದರಿಂದ ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಕಡೆಯದೆಲ್ಲ 48 ಐ/15ರಲ್ಲಿ. ಎರಡು ಹಾಳೆ ತಂದು ಅಂಚು ಕತ್ತರಿಸಿ ಅಂಟಿಸಲೇಬೇಕು.

ಫೋನ್ ನಕ್ಷೆಗೆ ಇಷ್ಟುದ್ದ ಬರೆಯುವಂಥದ್ದಿಲ್ಲ. ದಾರಿ ಹುಡುಕಲು ಸೊಗಸು, ಕರೆಂಟ್ ಮತ್ತು ನೆಟ್ ಇದ್ದರೆ.

ಕಾನೂನಿನ ತಾಸಿಗೆ ಟೋಪೋಶೀಟ್ ಅರ್ಧ ಕೆಲಸ ಮಾಡುತ್ತದೆ. ಪೊಲೀಸ್ ಠಾಣೆಗೆ ಅದರಲ್ಲಿ ಗುರುತಿದೆ, ಠಾಣೆಯ ಸರಹದ್ದಿಗೆ ಇಲ್ಲ. ಆ ಕೊರತೆಯೇ ಒಳ್ಳೆಯ ಪ್ರಶ್ನೆ: ಕಳುವು ಆದ ಜಾಗ ಅವಳಿ ನಗರದ ಪೊಲೀಸ್ ಕಮಿಷನರೇಟಿಗೋ, ಜಿಲ್ಲಾ ಎಸ್‌ಪಿಗೋ, ರೈಲಿನಲ್ಲಾದರೆ ರೈಲ್ವೆ ಪೊಲೀಸರಿಗೋ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಜಾಗ ಯಾವುದೇ ಇರಲಿ, ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿಯನ್ನು ಠಾಣೆ ದಾಖಲಿಸಬೇಕು.

ಸ್ಥಳ ಪಂಚನಾಮೆ, ಅಂದರೆ ಅಪರಾಧ ನಡೆದ ಜಾಗವನ್ನು ಪಂಚರ ಎದುರು ನೋಡಿ ದಾಖಲಿಸುವುದನ್ನು, ಕಲಿಸಲು ಮಾತ್ರ ಕೈನಕ್ಷೆಯೇ ಸರಿ. ತರಗತಿಯಲ್ಲಿ ಒಂದು ಚೀಲ ಇಟ್ಟು, ಬಾಗಿಲ ಚೌಕಟ್ಟು, ಕಿಟಕಿಯ ಮೂಲೆ ಹೀಗೆ ಅಲುಗಾಡದ ಎರಡು ಬಿಂದುಗಳಿಂದ ಟೇಪ್ ಹಿಡಿದು ದೂರ ಬರೆಸಿ. ಬೆಂಚಿನಿಂದ ಅಳೆದರೆ ನಾಳೆ ಬೆಂಚೇ ಅಲ್ಲಿರುವುದಿಲ್ಲ. ತಾವೇ ಅಳೆದದ್ದನ್ನು ನೀಲಿಯಲ್ಲಿ, ‘ಕಳ್ಳ ಇಲ್ಲಿ ನಿಂತಿದ್ದ’ ಎಂದು ಯಾರೋ ಹೇಳಿದ್ದನ್ನು ಕೆಂಪಿನಲ್ಲಿ ಬರೆಯಲಿ. ತನಿಖಾಧಿಕಾರಿ ಕಣ್ಣಾರೆ ಕಂಡು ಗುರುತಿಸಿದ್ದು ಬೇರೆ, ಸಾಕ್ಷಿ ಹೇಳಿದ್ದನ್ನು ಕೇಳಿ ಗುರುತಿಸಿದ್ದು ಬೇರೆ. ಎರಡನೆಯದನ್ನು ಪೊಲೀಸರ ಮುಂದಿನ ಹೇಳಿಕೆಯಂತೆಯೇ, ಅಂದರೆ ನೇರ ಸಾಕ್ಷ್ಯವಲ್ಲವೆಂದೇ, ನೋಡಬೇಕೆಂದು ಸುಪ್ರೀಂ ಕೋರ್ಟ್ ತೋರಿ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎರಡು ಬಣ್ಣದಲ್ಲಿ ಬರೆದರೆ ಒಂಬತ್ತನೇ ತರಗತಿಯವರಿಗೂ ಇದು ಹತ್ತುತ್ತದೆ.

ಅಪರಾಧಶಾಸ್ತ್ರಕ್ಕೆ ಮತ್ತೆ ಟೋಪೋಶೀಟ್. ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಮಾಸ್ತರರೇ ಕಟ್ಟಿದ ಕಾಲ್ಪನಿಕ ಕಳುವುಗಳಿಗೆ ಚುಕ್ಕೆ ಇಡಿಸಿ. ಈ ಮಾಪಕದಲ್ಲಿ 2 ಮಿ.ಮೀ. ಚುಕ್ಕೆ 100 ಮೀಟರ್ ಮುಚ್ಚುತ್ತದೆ, ಯಾರ ಮನೆಯತ್ತಲೂ ಬೆರಳು ತೋರುವುದಿಲ್ಲ. ಫೋನಿನ ಪಿನ್ ನೇರ ಒಬ್ಬರ ಬಾಗಿಲಿಗೇ ಬೀಳುತ್ತದೆ, ಆ ಓಣಿಯ ಹುಡುಗ ಅದೇ ತರಗತಿಯಲ್ಲಿ ಕೂತಿರುತ್ತಾನೆ. ಬಸ್ ನಿಲ್ದಾಣದ ಸುತ್ತ ಚುಕ್ಕೆ ದಟ್ಟವಾದ ಕೂಡಲೇ ಮಕ್ಕಳು ‘ಅದು ಕೆಟ್ಟ ಏರಿಯಾ’ ಎನ್ನುತ್ತಾರೆ. ಆಗ ಜನಸಂಖ್ಯೆಯಿಂದ ಭಾಗಿಸಲು ಹೇಳಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೂಡ ಲಕ್ಷ ಜನಕ್ಕೆ ಇಷ್ಟು ಎಂದೇ ದರ ಕೊಡುತ್ತದೆ. ಆದರೂ ನಿಲ್ದಾಣದ ದರ ಇಳಿಯುವುದಿಲ್ಲ. ಅಲ್ಲಿ ವಾಸಿಸುವವರು ಕಡಿಮೆ, ಹಾದುಹೋಗುವವರು ಸಾವಿರಾರು. ಭಾಗಿಸಬೇಕಾದ್ದು ಯಾವ ಸಂಖ್ಯೆಯಿಂದ ಎಂಬುದನ್ನು ಅವರೇ ವಾದಿಸಲಿ, ಈ ತಾಸಿನ ಜೀವವೇ ಅದು.

ಖರ್ಚು ಎಂದರೆ ಆರು ಮಕ್ಕಳಿಗೆ ಒಂದು ಕಲರ್ ಪ್ರಿಂಟ್, ಒಂದೆರಡು ಟ್ರೇಸಿಂಗ್ ಹಾಳೆ, ಒಂದು ಟೇಪ್. ಪ್ರಿಂಟನ್ನು ಲ್ಯಾಮಿನೇಟ್ ಮಾಡಿಸಿದರೆ ಪೆನ್ಸಿಲ್ ಹತ್ತುವುದಿಲ್ಲ, ‘ವಿ’ ಗುರುತು ಹಾಕಲು ಅಳಿಸಬಹುದಾದ ಮಾರ್ಕರ್ ಬೇಕಾಗುತ್ತದೆ.