ದುಡ್ಡು ಕೊಟ್ಟು ಲೆಕ್ಕದ ಲೈಬ್ರರಿ ತಗೊಳ್ಳೋರು ಇದನ್ನೊಮ್ಮೆ ಓದಿ

ಸಿ ಪ್ರೋಗ್ರಾಂಗೆ ಮ್ಯಾಟ್ರಿಕ್ಸ್ ಲೈಬ್ರರಿ, ಅಂದರೆ ಮ್ಯಾಟ್ರಿಕ್ಸ್ ಲೆಕ್ಕ ಮಾಡೋ ರೆಡಿಮೇಡ್ ಕೋಡ್, ಕೊಳ್ಳೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ. ನಮಗೆ ಮಾರಿದವರು ಎರರ್ ಹೇಳೋದಿರಲಿ, ಎರರ್ ಬಂದ ಗುರುತನ್ನೇ ಅಳಿಸಿ ಕೊಡುತ್ತಿದ್ದರು. ಹೌದು, ಅಳಿಸಿ!

ನಮ್ಮ ಕೋಡ್ ಎಲ್ಲರೂ ಬರೆಯೋ ಹಾಗೇ ಇತ್ತು. ಲೆಕ್ಕದಲ್ಲಿ ಎಡವಟ್ಟಾದರೆ ಪ್ರೊಸೆಸರ್ ಒಂದು ಗುರುತು ಎಬ್ಬಿಸುತ್ತೆ, ಅದೇ ಫ್ಲ್ಯಾಗ್. ಮೊದಲು ಹಳೇ ಫ್ಲ್ಯಾಗ್ ಅಳಿಸೋ ಫೆಕ್ಲಿಯರ್‌ಎಕ್ಸೆಪ್ಟ್, ಆಮೇಲೆ ಅವರ ಫಂಕ್ಷನ್, ಆಮೇಲೆ ಯಾವ ಫ್ಲ್ಯಾಗ್ ಎದ್ದಿದೆ ಅಂತ ನೋಡೋ ಫೆಟೆಸ್ಟ್‌ಎಕ್ಸೆಪ್ಟ್. ಸೊನ್ನೆ ಬಂದರೆ 'ಎಲ್ಲ ಸರಿ' ಅಂತ ಲಾಗ್‌ಗೆ ಹೋಗುತ್ತಿತ್ತು. ಪ್ರತಿ ಸಲ ಸೊನ್ನೆ. ಗ್ರಾಹಕರಿಗೆ ಡೆಮೊ ಕೊಡುವಾಗ ನೋಡಿದರೆ ರಿಪೋರ್ಟಿನ ಒಂದು ಕಾಲಂ ತುಂಬಾ 'ನ್ಯಾನ್', ಅಂದರೆ ಸಂಖ್ಯೆಯೇ ಅಲ್ಲದ ಉತ್ತರ. ಪಕ್ಕದಲ್ಲೇ ನಮ್ಮ ಲಾಗ್: 'ಎಲ್ಲ ಸರಿ'. ಅವರಲ್ಲೊಬ್ಬರು ನಕ್ಕರು ನೋಡಿ, ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸಿತು.

ಲೈಬ್ರರಿ ಮಾರಿದವರಿಗೆ ಫೋನ್ ಮಾಡಿದರೆ ಮೊದಲ ಉತ್ತರ: "ನಿಮ್ಮ ಇನ್‌ಪುಟ್ ಸರಿ ಇಲ್ಲ ಸರ್." ಸರಿ ಇಲ್ಲದಿದ್ದರೆ ಗೊತ್ತಾಗಲಿ ಅಂತಲೇ ಅಲ್ವಾ ಫ್ಲ್ಯಾಗ್ ನೋಡೋದು? ಆಮೇಲೆ: "ಫಾಸ್ಟ್ ಮ್ಯಾತ್ ಆಪ್ಷನ್ ಹಾಕಿರ್ತೀರಿ, ತೆಗೀರಿ." ವೇಗಕ್ಕಾಗಿ ಇಂಥ ಚೆಕ್‌ಗಳನ್ನು ಕಡೆಗಣಿಸೋ ಕಂಪೈಲರ್ ಆಪ್ಷನ್ ಅದು. ನಾವು ಹಾಕಿರಲೇ ಇಲ್ಲ!

ಕೊನೆಗೆ ಜಿಡಿಬಿ ಅನ್ನೋ ಡಿಬಗರ್‌ನಲ್ಲಿ, ಫೆಕ್ಲಿಯರ್‌ಎಕ್ಸೆಪ್ಟ್ ಕರೆದಾಗೆಲ್ಲ ಪ್ರೋಗ್ರಾಂ ನಿಲ್ಲೋ ಹಾಗೆ ಬ್ರೇಕ್‌ಪಾಯಿಂಟ್ ಇಟ್ಟೆ. ನಮ್ಮ ಸಾಲಿನಲ್ಲಿ ಒಮ್ಮೆ ನಿಂತಿತು. ಮುಂದೆ ಬಿಟ್ಟರೆ ಮತ್ತೆ ನಿಂತಿತು, ಈ ಸಲ ಅವರ ಫಂಕ್ಷನ್ ಒಳಗೆ, ವಾಪಸ್ ಬರೋ ಮುಂಚೆ. ಪ್ರೊಸೆಸರ್ ಈ ಫ್ಲ್ಯಾಗ್‌ಗಳನ್ನು ಇಡೋ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರ್ ನೋಡಿದೆ: 1ಎಫ್‌ಎ1. ಅರ್ಥವಿಲ್ಲದ ಲೆಕ್ಕ ಆಗಿದೆ ಅನ್ನೋ ಇನ್‌ವ್ಯಾಲಿಡ್ ಫ್ಲ್ಯಾಗ್ ಎದ್ದು ಕೂತಿದೆ. ಆ ಫೆಕ್ಲಿಯರ್‌ಎಕ್ಸೆಪ್ಟ್ ಮುಗಿಯೋವರೆಗೆ ಓಡಿಸೋಕೆ 'ಫಿನಿಶ್' ಕೊಟ್ಟೆ. 1ಎಫ್80, ಒಂದು ಫ್ಲ್ಯಾಗೂ ಇಲ್ಲ. ಸಾಫ್! ಕಳ್ಳನ ಹೆಜ್ಜೆ ಗುರುತು ಗುಡಿಸಿ, ಮನೆ ಎಷ್ಟು ಕ್ಲೀನಾಗಿದೆ ನೋಡಿ ಅಂದ ಹಾಗೆ.

ಸ್ಕ್ರೀನ್‌ಶಾಟ್ ಕಳಿಸಿದೆ. ಆಗ ಬಂದ ಉತ್ತರ ಕೇಳಿ: "ಅದು ಡಿಸೈನ್ ಸರ್. ಒಳಗಿನ ವಾರ್ನಿಂಗ್ ನಿಮಗೆ ಸುಮ್ನೆ ಯಾಕೆ ತೊಂದರೆ ಅಂತ ಕ್ಲೀನ್ ಮಾಡಿ ಕೊಡ್ತೀವಿ." ತೊಂದರೆ ಅಂತೆ! ಫಂಕ್ಷನ್ ಕರೆದವರ ಫ್ಲ್ಯಾಗ್ ಅಳಿಸೋದಾದರೆ ಡಾಕ್ಯುಮೆಂಟಿನಲ್ಲಿ ಹೇಳಿರಬೇಕು ಅಂತ 1999ರ ಸಿ ಸ್ಟಾಂಡರ್ಡ್‌ನಲ್ಲೇ ಇದೆ. ಇವರ ಡಾಕ್ಯುಮೆಂಟಿನಲ್ಲಿ ಒಂದು ಸಾಲೂ ಇಲ್ಲ. ಒಳಗಿನ ಗಲಾಟೆ ಹೊರಗೆ ಬರಬಾರದು ಅಂದರೆ ಫೆಹೋಲ್ಡ್‌ಎಕ್ಸೆಪ್ಟ್ ಇದೆ, ಕೆಲಸ ಮುಗಿದ ಮೇಲೆ ನಿಜವಾದ ಎರರ್ ದಾಟಿಸೋಕೆ ಫೆಅಪ್‌ಡೇಟ್‌ಎನ್ವ್ ಇದೆ. ಅಷ್ಟೂ ಗೊತ್ತಿಲ್ಲದೆ ಲೈಬ್ರರಿ ಮಾರ್ತಾರೆ. ದುಡ್ಡು ವಾಪಸ್ ಕೇಳಿದರೆ, "ಲೈಸೆನ್ಸ್ ಕೀ ಆಕ್ಟಿವೇಟ್ ಆಗಿದೆ, ಬರಲ್ಲ ಸರ್."

ಟ್ರಯಲ್ ಕೊಟ್ಟಾಗಲೇ ಇಷ್ಟು ಮಾಡಿ. ಫೆರೈಸ್‌ಎಕ್ಸೆಪ್ಟ್‌ನಿಂದ ನೀವೇ ಡಿವೈಡ್ ಬೈ ಜೀರೋ ಫ್ಲ್ಯಾಗ್ ಎಬ್ಬಿಸಿ. ಅವರ ಫಂಕ್ಷನ್ ಕರೆಯಿರಿ. ಬಂದ ಮೇಲೆ ಫ್ಲ್ಯಾಗ್ ಇದೆಯಾ ನೋಡಿ. ಇಲ್ಲ ಅಂದರೆ ಪರ್ಸ್ ತೆಗೀಬೇಡಿ. ಈಗಾಗಲೇ ತಗೊಂಡಿದ್ದರೆ, ಬಂದ ಒಂದೊಂದು ಉತ್ತರವನ್ನೂ ನ್ಯಾನ್ ಇದೆಯಾ ಅಂತ ನೋಡೋ ಈಸ್‌ನ್ಯಾನ್, ಇನ್ಫಿನಿಟಿ (ಅನಂತ) ಇದೆಯಾ ಅಂತ ನೋಡೋ ಈಸ್‌ಇನ್ಫ್ ಹಾಕಿ ನೀವೇ ನೋಡಿಕೊಳ್ಳಿ. ನಾವೀಗ ಅದನ್ನೇ ಮಾಡ್ತಿದ್ದೇವೆ.