ಕ್ಯಾನ್ವಾಸ್ ಪ್ರಿಂಟ್ ತರಿಸಿದೆ, ಆಕಾಶನೇ ಕತ್ತರಿಸಿ ಕಳ್ಸಿದಾರೆ

5ಕ್ಕೆ 2 ಸ್ಟಾರ್, ಅದೂ ಬಟ್ಟೆ ಕ್ವಾಲಿಟಿಗೆ. ಆನ್‌ಲೈನಲ್ಲಿ ತರಿಸಿದ್ದು, ಅಂಗಡಿ ಹೆಸರು ಬೇಡ ಬಿಡಿ. ಜರ್ಮನ್ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್‌ರಿಶ್‌ದು ಸಮುದ್ರದ ದಡದಲ್ಲಿ ಸನ್ಯಾಸಿ ನಿಂತಿರೋ ಪೇಂಟಿಂಗ್ ಇದ್ಯಲ್ಲ, ಅದರ ಪ್ರಿಂಟು. ಪ್ಯಾಕಿಂಗ್ ಸೂಪರ್, ಫ್ರೇಮ್ ಎಲ್ಲೂ ಸೊಟ್ಟ ಇಲ್ಲ. ಬಿಚ್ಚಿ ಗೋಡೆಗೆ ಆನಿಸಿ ನೋಡ್ತೀನಿ, ಸನ್ಯಾಸಿ ದೊಡ್ಡ ಆಳಾಗ್ಬಿಟ್ಟಿದಾನೆ!

ಅಸಲಿ ಚಿತ್ರ ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರೀಲಿದೆ, 1808ರಿಂದ 1810ರ ಒಳಗೆ ಬರೆದದ್ದು, 110 ಸೆಂಟಿಮೀಟರ್ ಎತ್ತರ, 171.5 ಅಗಲ. ಅಷ್ಟು ದೊಡ್ಡ ಬಟ್ಟೇಲಿ ಮುಕ್ಕಾಲು ಪಾಲು ಬರೀ ಆಕಾಶ, ಕೆಳಗೆ ಕಪ್ಪು ಪಟ್ಟಿ ಥರ ಸಮುದ್ರ, ಅದರ ಕೆಳಗೆ ಬಿಳಿಚ್ಕೊಂಡ ಮರಳು, ಆ ಮರಳ ಮೇಲೆ ನಮಗೆ ಬೆನ್ನು ಹಾಕಿ ಒಬ್ಬನೇ ಒಬ್ಬ, ಗೇಣುದ್ದಾನೂ ಇಲ್ಲ. ಫ್ರೀಡ್‌ರಿಶ್ ಮೊದಲು ಹಡಗೂ ಬಿಡಿಸಿದ್ದನಂತೆ, ಆಮೇಲೆ ಅವನೇ ಬಣ್ಣ ಬಳಿದು ಮುಚ್ಚಿದಾನೆ, ಬಣ್ಣದ ಕೆಳಗಿರೋದನ್ನ ತೋರಿಸೋ ಇನ್‌ಫ್ರಾರೆಡ್ ಫೋಟೋಲಿ ಈಗ್ಲೂ ಕಾಣುತ್ತೆ. ಅಂದ್ರೆ ಆ ಖಾಲಿ ಸುಮ್ನೆ ಉಳಿದಿದ್ದಲ್ಲ, ಇದ್ದದ್ದನ್ನ ತೆಗೆದು ಮಾಡಿದ್ದು. 1810ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಕ್ಲೈಸ್ಟ್ ಅನ್ನೋ ಲೇಖಕ, ಇದನ್ನ ನೋಡ್ತಿದ್ರೆ ಕಣ್ರೆಪ್ಪೆ ಕತ್ತರಿಸಿ ಹಾಕಿದಂಗಾಗುತ್ತೆ ಅಂತ ಬರೆದಿದ್ದ. ಇವ್ರು ರೆಪ್ಪೆ ಬಿಟ್ಟು ಆಕಾಶಕ್ಕೆ ಕತ್ತರಿ ಹಾಕಿದಾರೆ.

ನಾನು ಆರ್ಡರ್ ಮಾಡಿದ್ದು ಉದ್ದಗಲ ಸರಿ ನೋಡ್ಕೊಂಡೇ, ಬಂದಿದ್ದು ಚೌಕ. ಮೇಲಿಂದ ಅರ್ಧ ಆಕಾಶ ಇಲ್ಲ, ಬಲಗಡೆ ಸಮುದ್ರ ಇಲ್ಲ, ಸಾಲದ್ದಕ್ಕೆ ಕಾಂಟ್ರಾಸ್ಟ್ ಏರಿಸಿ ಆ ಮಂಕು ಬೂದು ಬಣ್ಣಾನ ಕ್ಯಾಲೆಂಡರ್ ನೀಲಿ ಮಾಡಿದಾರೆ. ಫೋನ್ ಮಾಡಿದ್ರೆ "ಖಾಲಿ ಜಾಗ ತುಂಬಾ ಇತ್ತು ಸರ್, ಮನುಷ್ಯ ಚೆನ್ನಾಗಿ ಕಾಣ್ಲಿ ಅಂತ ಕ್ರಾಪ್ ಮಾಡಿದ್ವಿ" ಅಂದ. ಪಾಪ, ಒಳ್ಳೇ ಮನಸ್ಸಿಂದಾನೇ ಹೇಳ್ದ, ಬೈಯೋಕೂ ಆಗ್ಲಿಲ್ಲ. ಆದ್ರೆ ಆ ಸನ್ಯಾಸಿ ಅಷ್ಟು ಚಿಕ್ಕವನಾಗಿ ಕಾಣ್ಬೇಕು ಅನ್ನೋದಕ್ಕೇ ತಾನೆ ಉಳಿದಿದ್ದೆಲ್ಲಾ ಇರೋದು?

ತರಿಸೋರು ಒಂದು ಮಾಡಿ. 36 ಇಂಚು ಅಗಲ ಅಂದ್ರೆ ಎತ್ತರ 23 ಇಂಚು ಬರ್ಬೇಕು. ಅವರ ಹತ್ರ ಆ ಸೈಜ್ ಇಲ್ಲ ಅಂದ್ರೆ ಸುತ್ತ ಬಿಳಿ ಅಂಚು ಬಿಟ್ಟು ಪ್ರಿಂಟ್ ಹಾಕಿ ಅನ್ನಿ, ಕ್ರಾಪ್ ಬೇಡ ಅಂತ ಬರೆದು ಕಳ್ಸಿ, ಪ್ರಿಂಟ್ ಆಗೋ ಮುಂಚೆ ಫೋಟೋ ಕೇಳಿ. ರಿಟರ್ನ್ ತಗೊಳಲ್ವಂತೆ, ಕಸ್ಟಮ್ ಆರ್ಡರ್ ಅಂತೆ.

ಸದ್ಯಕ್ಕೆ ಹಾಲ್‌ನಲ್ಲೇ ಇದೆ. ನಿನ್ನೆ ಅಮ್ಮ ನೋಡಿ, "ಯಾರೋ ಇದು, ಮೀನು ಹಿಡಿಯೋಕೆ ನಿಂತಿದಾನಾ?" ಅಂದ್ರು.